ಆವರಣವೆಂಬುದು ವಸ್ತುವೇ?

ಇದ್ದರೂ ಕಾಣದಿರುವುದು ಏಕೆ ಎಂಬ ಪ್ರಶ್ನೆಗೆ ಭಾರತೀಯ ದರ್ಶನಗಳು ಕೊಟ್ಟ ಉತ್ತರಗಳಲ್ಲಿ ಪರಸ್ಪರ ಎಷ್ಟೇ ವಿವಾದವಿದ್ದರೂ ‘ಆವರಣ’ ಎಂಬ ಮಾತು ಅವುಗಳಲ್ಲಿ ಹಲವಕ್ಕೆ ಸಮಾನವಾದದ್ದು. ಜೈನರ ಜ್ಞಾನಾವರಣೀಯ ಕರ್ಮ ಬರಿಯ ರೂಪಕವಲ್ಲ. ಅದು ಪುದ್ಗಲ, ಅಂದರೆ ಜಡದ್ರವ್ಯದ ಅತಿಸೂಕ್ಷ್ಮ ಕಣಗಳಿಂದಾದದ್ದು, ಜೀವಕ್ಕೆ ಅಂಟಿಕೊಂಡು ಅದರ ಸಹಜವಾದ ಅರಿವನ್ನು ಮುಚ್ಚುವಂಥದ್ದು, ನಿರ್ಜರೆಯಿಂದ, ಎಂದರೆ ಅಂಟಿದ್ದನ್ನು ಉದುರಿಸುವ ಸಾಧನೆಯಿಂದ, ಕಳಚತಕ್ಕದ್ದು. ಅದ್ವೈತಿಗಳ ಅವಿದ್ಯೆಗೂ ಆವರಣಶಕ್ತಿ ಉಂಟಾದರೂ ಅದು ಇದೆಯೆನ್ನಲೂ ಇಲ್ಲವೆನ್ನಲೂ ಬಾರದ ಅನಿರ್ವಚನೀಯ ಎಂಬುದು ಅವರ ನಿಲುವು. ಮರೆಯಾಗಿ ನಿಂತದ್ದು ಒಂದು ವಸ್ತುವೇ, ಅಥವಾ ವಸ್ತುಗಳ ನಡುವೆ ಏರ್ಪಟ್ಟ ಒಂದು ಸಂಬಂಧವೇ ಎಂಬ ಈ ಹಳೆಯ ಪ್ರಶ್ನೆಯನ್ನು ಇತ್ತೀಚಿನ ಒಂದು ಪ್ರಯೋಗ, ತಿಂಡಿಗೆ ಹಾಕುವ ಬಣ್ಣದ ಮೂಲಕ, ಯಾರೂ ನಿರೀಕ್ಷಿಸದ ದಿಕ್ಕಿನಿಂದ ಮತ್ತೆ ಎತ್ತಿ ಕೊಟ್ಟಿದೆ.

2024ರ ಸೆಪ್ಟೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಸಂಶೋಧನೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಿಹಾವ್ ಓ, ಗುವೊಸಾಂಗ್ ಹಾಂಗ್, ಮಾರ್ಕ್ ಬ್ರಾಂಗರ್ಸ್ಮಾ ಮೊದಲಾದವರು ನಡೆಸಿದರು. ಟಾರ್ಟ್ರಜೀನ್ ಎಂಬ ಹಳದಿ ಬಣ್ಣವನ್ನು ನೀರಿನಲ್ಲಿ ಗಾಢವಾಗಿ ಕರಗಿಸಿ ಜೀವಂತ ಇಲಿಯ ಚರ್ಮಕ್ಕೆ ಮೆಲ್ಲನೆ ತಿಕ್ಕಿದಾಗ, ಕೆಲವೇ ನಿಮಿಷಗಳಲ್ಲಿ ಆ ಚರ್ಮ ಪಾರದರ್ಶಕವಾಗಿ, ಹೊಟ್ಟೆಯ ಭಾಗದಲ್ಲಿ ಪಿತ್ತಜನಕಾಂಗವೂ ಆಹಾರವನ್ನು ಮುಂದೆ ತಳ್ಳುತ್ತಿರುವ ಕರುಳಿನ ಅಲೆಯಂಥ ಚಲನೆಯೂ ಹೊರಗಿನಿಂದಲೇ ಕಂಡವು. ನೆತ್ತಿಯ ಭಾಗದಲ್ಲಿ ಮಿದುಳಿನ ಮೇಲ್ಮೈಯ ರಕ್ತನಾಳಗಳನ್ನು ಲೇಸರ್ ಬೆಳಕಿನ ನೆರವಿನಿಂದ ಗುರುತಿಸಲು ಸಾಧ್ಯವಾಯಿತು. ಅದಕ್ಕೂ ಮೊದಲು ಇದೇ ಪರೀಕ್ಷೆ ನಡೆದದ್ದು ಕೋಳಿಯ ಎದೆಮಾಂಸದ ತೆಳುವಾದ ಹೋಳುಗಳ ಮೇಲೆ. ಮನುಷ್ಯರ ಚರ್ಮ ಇಲಿಯದಕ್ಕಿಂತ ಬಹಳ ದಪ್ಪ, ಮತ್ತು ಈ ಸಂಶೋಧನೆ ಮನುಷ್ಯರ ಮೇಲೆ ನಡೆದದ್ದಲ್ಲ.

ಚರ್ಮ ಏಕೆ ಅಪಾರದರ್ಶಕ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಇಡೀ ಪ್ರಶ್ನೆಯ ತಿರುಳು ಅಲ್ಲಿದೆ. ಚರ್ಮದಲ್ಲಿರುವ ನೀರಾಗಲಿ, ಕೊಬ್ಬಾಗಲಿ, ಪ್ರೋಟೀನಾಗಲಿ ಬಿಡಿಬಿಡಿಯಾಗಿ ಕಣ್ಣಿಗೆ ಕಾಣುವ ಬೆಳಕಿನ ಬಹುಭಾಗವನ್ನು ತಡೆಯುವಂಥವಲ್ಲ. ಆದರೆ ಒಂದು ಮಾಧ್ಯಮದಿಂದ ಇನ್ನೊಂದನ್ನು ಹೊಗುವಾಗ ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ಸೂಚಿಸುವ ಅಂಕಿ, ಅಂದರೆ ವಕ್ರೀಭವನ ಸೂಚ್ಯಂಕ, ನೀರಿಗೆ ಸುಮಾರು 1.33 ಆದರೆ ಕೊಬ್ಬು, ಪ್ರೋಟೀನುಗಳಿಗೆ 1.4ರಿಂದ 1.5ರ ಆಸುಪಾಸಿನಲ್ಲಿದೆ. ಇವೆರಡೂ ಕೂದಲೆಳೆಗಿಂತ ಕಿರಿದಾದ ಅಳತೆಯಲ್ಲಿ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಬೆಳಕಿನ ಕಿರಣ ಪ್ರತಿಯೊಂದು ಗಡಿಯಲ್ಲೂ ದಾರಿ ಬದಲಿಸಿ, ಸಾವಿರ ಕಡೆ ಚದುರಿ, ಒಳಗಿನ ಆಕಾರದ ಸುದ್ದಿಯನ್ನು ಹೊರಗೆ ತರಲಾರದೆ ಹೋಗುತ್ತದೆ. ಬೋಂಡ ಕಟ್ಟಿಕೊಟ್ಟ ಕಾಗದ ಎಣ್ಣೆ ಹೀರಿದ ಕಡೆ ಮಾತ್ರ ಬೆಳಕಿಗೆ ಬಿಟ್ಟುಕೊಡುವುದೂ ಇದೇ ಕಾರಣಕ್ಕೆ: ಕಾಗದದ ನಾರುಗಳ ನಡುವಣ ಗಾಳಿಯ ಜಾಗವನ್ನು ನಾರಿಗೆ ಹತ್ತಿರದ ಸೂಚ್ಯಂಕವುಳ್ಳ ಎಣ್ಣೆ ತುಂಬಿದಾಗ ಚದುರುವಿಕೆ ತಗ್ಗುತ್ತದೆ. ಸತ್ತ ಅಂಗಾಂಶಗಳನ್ನು ಇದೇ ತತ್ತ್ವದಿಂದ ತಿಳಿಯಾಗಿಸುವ ವಿಧಾನವನ್ನು ಜರ್ಮನಿಯ ಅಂಗರಚನಾಶಾಸ್ತ್ರಜ್ಞ ವೆರ್ನರ್ ಶ್ಪಾಲ್ಟೆಹೋಲ್ಟ್ಸ್ 20ನೆಯ ಶತಮಾನದ ಆರಂಭದಲ್ಲೇ ರೂಪಿಸಿದ್ದ. ಜೀವಂತ ದೇಹದಲ್ಲಿ ನೀರನ್ನು ತೆಗೆದು ಎಣ್ಣೆ ತುಂಬುವಂತಿಲ್ಲ. ನೀರು ನೀರಾಗಿಯೇ ಉಳಿದು, ಅದರ ಸೂಚ್ಯಂಕ ಮಾತ್ರ ಏರಬೇಕು.

ಇದನ್ನು ಸಾಧಿಸಲು ಅವರು ಆರಿಸಿಕೊಂಡ ಉಪಾಯ ಮೇಲುನೋಟಕ್ಕೆ ವಿರೋಧಾಭಾಸದಂತಿದೆ. ಟಾರ್ಟ್ರಜೀನ್ ನೀಲಿ ಮತ್ತು ಅತಿನೇರಳೆ ಬೆಳಕನ್ನು ಬಲವಾಗಿ ಹೀರುತ್ತದೆ. ಅದು ಹಳದಿಯಾಗಿ ಕಾಣುವುದೇ ಅದರಿಂದ. ಬೆಳಕನ್ನು ನುಂಗುವ ಪದಾರ್ಥವೊಂದು ಬೆಳಕಿಗೆ ದಾರಿ ಮಾಡಿಕೊಟ್ಟೀತು ಎಂದು ಯಾರೂ ಸುಲಭವಾಗಿ ಊಹಿಸಲಾರರು. ಆದರೆ ಹೆಂಡ್ರಿಕ್ ಕ್ರಾಮರ್ಸ್ ಮತ್ತು ರಾಲ್ಫ್ ಕ್ರೋನಿಗ್ 1920ರ ದಶಕದಲ್ಲಿ ಸ್ಥಾಪಿಸಿದ ಗಣಿತದ ಸಂಬಂಧಗಳ ಪ್ರಕಾರ ಹೀರಿಕೆ ಮತ್ತು ವಕ್ರೀಭವನಗಳು ಒಂದನ್ನೊಂದು ಬಿಟ್ಟು ಇರಲಾರವು. ಒಂದು ತರಂಗದೂರದಲ್ಲಿ ಹೀರಿಕೆ ತೀವ್ರವಾದರೆ ಅದಕ್ಕಿಂತ ಉದ್ದನೆಯ ತರಂಗದೂರಗಳಲ್ಲಿ ಸೂಚ್ಯಂಕ ಏರಲೇಬೇಕು. ಹಾಗಾಗಿ ನೀಲಿಯಲ್ಲಿ ಬೆಳಕನ್ನು ಕಳೆದುಕೊಂಡ ದ್ರಾವಣ ಕೆಂಪಿನಲ್ಲಿ ಕೊಬ್ಬಿನ ಸೂಚ್ಯಂಕವನ್ನು ಸಮೀಪಿಸಿತು, ಗಡಿಗಳು ಬೆಳಕಿನ ಪಾಲಿಗೆ ಇಲ್ಲವಾದವು, ಚರ್ಮ ಕೆಂಪುಗಾಜಿನಂತಾಯಿತು.

ಈ ಸಂಬಂಧಗಳ ಬುಡದಲ್ಲಿರುವುದು ಬೆಳಕಿನ ಬಗೆಗಿನ ಯಾವುದೋ ವಿಶೇಷ ನಿಯಮವಲ್ಲ. ಪೆಟ್ಟು ಬೀಳುವ ಮೊದಲೇ ಪದಾರ್ಥ ಮಿಡಿಯಲಾರದು, ಎಂದರೆ ಕಾರ್ಯ ಕಾರಣಕ್ಕಿಂತ ಮುಂಚೆ ಇರಲಾರದು, ಎಂಬ ಒಂದೇ ನಿರ್ಬಂಧ. ಕಾರ್ಯಕ್ಕೆ ತಪ್ಪದೆ ಮೊದಲು ಇರತಕ್ಕದ್ದೇ ಕಾರಣವೆಂದು ತರ್ಕಶಾಸ್ತ್ರದ ಎಳೆಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಲಕ್ಷಣ ಇಷ್ಟು ಸಪ್ಪೆಯಾಗಿ ಕಂಡರೂ, ಅದರಿಂದ ಇಲಿಯ ಹೊಟ್ಟೆಯೊಳಗಿನ ನೋಟದವರೆಗೆ ಒಂದು ಎಳೆ ಕಡಿಯದೆ ಹೋಗುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಇದನ್ನು ಓದಿ ಪ್ರಾಚೀನರಿಗೆ ಈ ಪ್ರಯೋಗ ಮೊದಲೇ ಗೊತ್ತಿತ್ತೆಂದು ಹೊರಡುವವರು ಪ್ರಾಚೀನರಿಗೂ ಪ್ರಯೋಗಕ್ಕೂ ಅನ್ಯಾಯ ಮಾಡುತ್ತಾರೆ. ನೈಯಾಯಿಕರಿಗೆ ಗೊತ್ತಿದ್ದದ್ದು ಪ್ರಶ್ನೆ, ಮತ್ತು ಅದನ್ನು ಅವರು ಬಹಳ ಚೊಕ್ಕವಾಗಿ ಕೇಳಿದ್ದರು.

ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಕಣ್ಣು ವಿಷಯವನ್ನು ಮುಟ್ಟಿ ತಿಳಿಯುತ್ತದೆಯೋ ಮುಟ್ಟದೆ ತಿಳಿಯುತ್ತದೆಯೋ ಎಂಬ ಚರ್ಚೆ ಬರುತ್ತದೆ. ಗಾಜು, ಅಭ್ರಕ, ಸ್ಫಟಿಕಗಳ ಹಿಂದಿನ ವಸ್ತುವೂ ಕಾಣುವುದರಿಂದ ಕಣ್ಣಿನಿಂದ ಹೊರಡುವುದೆಂದು ನೈಯಾಯಿಕರು ಹೇಳುವ ಕಿರಣ ಅಲ್ಲಿಗೆ ಹೋಗಬೇಕಾಗಿಲ್ಲ ಎಂದು ಪೂರ್ವಪಕ್ಷಿ ವಾದಿಸಿದರೆ, ಗೋಡೆಯ ಹಿಂದಿನದು ಕಾಣುವುದಿಲ್ಲವಲ್ಲ ಎಂದು ಸಿದ್ಧಾಂತಿ ಉತ್ತರಿಸುತ್ತಾನೆ. ಹಾಗಾದರೆ ಗೋಡೆ ಸ್ಫಟಿಕದಂತೆ, ಸ್ಫಟಿಕ ಗೋಡೆಯಂತೆ ಏಕೆ ವರ್ತಿಸಬಾರದು ಎಂಬ ಮುಂದಿನ ಆಕ್ಷೇಪ ನಿಜಕ್ಕೂ ಹರಿತವಾದದ್ದು. ಕನ್ನಡಿ, ನೀರುಗಳಿಗೆ ಪ್ರಸಾದ, ಅಂದರೆ ತಿಳಿತನ, ಸ್ವಭಾವವಾಗಿರುವಂತೆಯೇ ಇದೂ ಎಂಬುದು ಸೂತ್ರಕಾರನ ಉತ್ತರ. ಇಲಿಯ ಚರ್ಮ ಪ್ರಶ್ನೆಗೆ ಗುರಿಪಡಿಸುವುದು ಈ ‘ಸ್ವಭಾವ’ವನ್ನೇ: ಬೆಳಗ್ಗೆ ಗೋಡೆಯಾಗಿದ್ದದ್ದು ಮಧ್ಯಾಹ್ನ ಸ್ಫಟಿಕವಾಗಿ ಸಂಜೆ ಮತ್ತೆ ಗೋಡೆಯಾಗುವುದಾದರೆ ಅಪಾರದರ್ಶಕತೆ ಅದರ ಸ್ವಭಾವವಾಗಿರಲಿಲ್ಲ, ಎರಡು ಪದಾರ್ಥಗಳ ಸೂಚ್ಯಂಕಗಳ ನಡುವಣ ಅಂತರವಾಗಿತ್ತು. ಆದರೂ ಸೂತ್ರಕಾರ ಪೂರ್ತಿ ಸೋಲುವುದಿಲ್ಲ. ಕಂಡ ಮತ್ತು ಊಹಿಸಿ ತಿಳಿದ ಸಂಗತಿಗಳಿಗೆ ಹೀಗಿರು, ಹಾಗಿರಬೇಡ ಎಂದು ಅಪ್ಪಣೆ ಕೊಡುವುದು ಸಲ್ಲದೆಂಬ ಅವನ ಮುಂದಿನ ಮಾತು ಪ್ರಯೋಗಶಾಲೆಯ ಬಾಗಿಲಿಗೆ ಇಂದೂ ಒಪ್ಪುತ್ತದೆ.

ಅದ್ವೈತದ ಕಡೆಗೆ ತಿರುಗಿದರೆ, ಶಂಕರರದೆಂದು ಪ್ರಸಿದ್ಧವಾದ ‘ಆತ್ಮಬೋಧ’ದಲ್ಲಿ ಬರುವ ಕತಕದ ದೃಷ್ಟಾಂತ ಇಲ್ಲಿ ತಾನಾಗಿ ನೆನಪಾಗುತ್ತದೆ. ಕತಕವೆಂದರೆ ಚಿಲ್ಲದ ಬೀಜ. ಅದರ ಪುಡಿಯನ್ನು ಕದಡಿದ ನೀರಿಗೆ ಹಾಕಿದರೆ ಕೆಸರನ್ನು ತಳಕ್ಕಿಳಿಸಿ ತಾನೂ ತಳ ಸೇರುವಂತೆ ಜ್ಞಾನವು ಅಜ್ಞಾನವನ್ನು ಕಳೆದು ತಾನೂ ಇಲ್ಲವಾಗುತ್ತದೆ ಎಂಬುದು ಅದರ ಆಶಯ. ಹೊರಗಿನಿಂದ ಸೇರಿಸಿದ್ದು ತಿಳಿಯಾಗಿಸುತ್ತದೆ ಎಂಬಷ್ಟರಲ್ಲಿ ಚಿಲ್ಲದ ಬೀಜವೂ ಟಾರ್ಟ್ರಜೀನೂ ಸೋದರರು. ಆದರೆ ಬೀಜ ತೆಗೆಯುವುದು ಕೆಸರನ್ನು, ಬಣ್ಣ ತೆಗೆಯುವುದು ಯಾವುದನ್ನೂ ಅಲ್ಲ. ಇಲಿಯ ಚರ್ಮದ ಕೊಬ್ಬಾಗಲಿ ಪ್ರೋಟೀನಾಗಲಿ ಕಣದಷ್ಟೂ ಹೊರಹೋಗದೆ ಮರೆ ಮಾತ್ರ ಹೋಯಿತು. ಆವರಣವನ್ನು ಅಂಟಿದ ದ್ರವ್ಯವೆಂದು ಹಿಡಿದ ಪಕ್ಷಕ್ಕಿಂತ, ಆವರಣವನ್ನು ವಸ್ತುವೆಂದು ಎಣಿಸಲೊಪ್ಪದ ಪಕ್ಷಕ್ಕೆ ಈ ದೃಷ್ಟಾಂತ ಹೆಚ್ಚು ಹತ್ತಿರ. ಇನ್ನೊಂದು ವಿಚಿತ್ರವೂ ಇದೆ. ಅವಿದ್ಯೆಗೆ ಆವರಣ, ವಿಕ್ಷೇಪ ಎಂಬ ಎರಡು ಶಕ್ತಿಗಳನ್ನು ಹೇಳಿ, ಹಗ್ಗವನ್ನು ಮುಚ್ಚಿದ ಮೇಲೆ ಹಾವನ್ನು ತೋರಿಸುತ್ತದೆ ಎಂಬ ಕ್ರಮದಲ್ಲಿ ಅವನ್ನು ವಿವರಿಸುವುದು ವಾಡಿಕೆ. ವಿಕ್ಷೇಪದ ಮೂಲಾರ್ಥ ಅತ್ತಿತ್ತ ಎಸೆಯುವುದು. ಚರ್ಮದಲ್ಲಾದರೋ ಬೆಳಕಿನ ಎಸೆದಾಟವೇ ಮೊದಲು, ಮುಚ್ಚುವಿಕೆ ಅದರ ಫಲ. ಪದಗಳ ಈ ಹೊಂದಿಕೆಯಿಂದ ಏನೂ ಸಿದ್ಧವಾಗುವುದಿಲ್ಲವಾದರೂ, ಚದುರಿದ ಮನಸ್ಸನ್ನು ನಿಲ್ಲಿಸುವುದನ್ನೇ ಮೊದಲ ಕೆಲಸವೆಂದ ಯೋಗಿಗಳಿಗೆ ಇದು ಅಹಿತವೆನಿಸದು.

ಈ ನೋಟಕ್ಕೆ ತೆತ್ತ ಬೆಲೆಯನ್ನು ಮರೆತು ಮಾತಾಡುವುದು ಸರಿಯಲ್ಲ. ತೆರೆದುಕೊಂಡದ್ದು ಕೆಂಪಿನ ಕಡೆಯ ಬೆಳಕಿಗೆ ಮಾತ್ರ. ನೀಲಿಯಲ್ಲಿ ಆ ಚರ್ಮ ಮೊದಲಿಗಿಂತ ಹೆಚ್ಚು ಕುರುಡಾಯಿತು, ಮತ್ತು ಆ ಕುರುಡಿಲ್ಲದೆ ಈ ನೋಟ ದಕ್ಕುತ್ತಲೂ ಇರಲಿಲ್ಲ. ಬಣ್ಣದ ಚರಿತ್ರೆಯೂ ನಿರ್ಮಲವಲ್ಲ. ಅದೇ 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದಾಗ, ಪರೀಕ್ಷೆಯಲ್ಲಿ ಸಿಕ್ಕ ಬಣ್ಣಗಳ ಪೈಕಿ ಟಾರ್ಟ್ರಜೀನೂ ಇತ್ತು. ತಟ್ಟೆಯಲ್ಲಿ ಕಣ್ಣಿಗೆ ಇಲ್ಲದ ಹೊಳಪನ್ನು ತೋರಿಸಿ ಮರುಳುಮಾಡುವ ಪದಾರ್ಥವೇ ಚರ್ಮದಲ್ಲಿ ಇರುವುದನ್ನು ತೋರಿಸುತ್ತದೆ. ಉಪಾಧಿಯೊಂದು, ಅಂದರೆ ತನ್ನ ಗುಣವನ್ನು ಪಕ್ಕದ ವಸ್ತುವಿನಲ್ಲಿ ತೋರಿಸುವಂಥದ್ದು, ಮೋಸಕ್ಕೂ ಪ್ರಮಾಣಕ್ಕೂ ಸಮನಾಗಿ ಒದಗಬಲ್ಲದೆಂಬುದನ್ನು ದಾಸವಾಳದ ಪಕ್ಕದಲ್ಲಿ ಕೆಂಪಾಗಿ ತೋರುವ ಸ್ಫಟಿಕದ ಹಳೆಯ ಉದಾಹರಣೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ದೃಷ್ಟಾಂತ ಮುರಿಯುವ ಜಾಗವೂ ಇದೆ. ಒಮ್ಮೆ ಬಾಧಿತವಾದ ಅವಿದ್ಯೆ ಮರಳಿ ಹುಟ್ಟುವುದಿಲ್ಲವೆಂಬುದು ವೇದಾಂತಿಯ ಪಟ್ಟು. ಹಗ್ಗವೆಂದು ತಿಳಿದವನಿಗೆ ಹಾವಿನ ಭಯ ಮತ್ತೆ ಬರಬಾರದು. ಸ್ಟ್ಯಾನ್‌ಫರ್ಡ್‌ನಲ್ಲಿ ಬಣ್ಣವನ್ನು ನೀರಿನಿಂದ ತೊಳೆದೊಡನೆ ಚರ್ಮ ಎಂದಿನಂತಾಯಿತು, ಒಳಗೆ ಇಳಿದಿದ್ದ ಬಣ್ಣ ಎರಡು ದಿನಗಳೊಳಗೆ ಮೂತ್ರದಲ್ಲಿ ಹೊರಟುಹೋಯಿತು, ಮತ್ತು ಮರೆ ಹೀಗೆ ಮರಳಿದ್ದನ್ನು ಸಂಶೋಧಕರು ಸೋಲೆಂದಲ್ಲ, ಗೆಲುವೆಂದೇ ದಾಖಲಿಸಿದರು, ಏಕೆಂದರೆ ಇಲಿ ಬದುಕಿರುವುದಕ್ಕೆ ಅದರ ಚರ್ಮ ಹಾಗಿರುವುದೇ ಬೇಕಾಗಿತ್ತು.