ಮುಚ್ಚಿದ ಬಿರುಕು

ಬ್ಯಾಂಕಿನ ಗುಮಾಸ್ತ ಉಳಿ ಹಿಡಿದನೆಂದರೆ ಊರು ನಗುತ್ತದೆ. ನನ್ನ ಮನೆಯವರೂ ನಕ್ಕರು. ಹಿತ್ತಿಲಲ್ಲಿ ಗಾಳಿಗೆ ಬಿದ್ದ ಹಲಸಿನ ಮರವನ್ನು ಮಿಲ್ಲಿನಲ್ಲಿ ಸೀಳಿಸಿ, ಹಲಗೆಗಳನ್ನು ಎರಡು ಬೇಸಗೆ ಅಟ್ಟದಲ್ಲಿ ಒಣಗಲು ಬಿಟ್ಟಿದ್ದೆ. ಮಡಿಕೇರಿ ಕಡೆಗೆ ಮದುವೆಯಾಗಿ ಹೋದ ತಂಗಿಗೆ ಕಂಬಳಿ, ಹೊದಿಕೆಗಳನ್ನಿಡಲು ಒಂದು ಪೆಟ್ಟಿಗೆ ನಾನೇ ಮಾಡಿಕೊಡಬೇಕೆಂಬ ಹುಚ್ಚು ಹೇಗೋ ತಲೆಗೆ ಹೊಕ್ಕಿತು. ಕಾಸರಗೋಡಿನ ಸೆಕೆಯಲ್ಲಿ ಕಂಬಳಿಯ ಬೆಲೆ ನಮಗೆ ತಿಳಿಯದು. ಅಲ್ಲಿ ಹಾಗಲ್ಲ, ಮಳೆಗಾಲದಲ್ಲಿ ಹೊದೆಯಲು ಬೇಕು, ಬೂಸ್ಟು ಹಿಡಿಯದಂತೆ ಕಾಯಲೂ ಬೇಕು.

3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಹಲಗೆ ಮುಕ್ಕಾಲು ಇಂಚು ದಪ್ಪ. ನೆರೆಯ ಹಿರಿಯ ಆಚಾರಿಯವರು ಗುರುಗಳಾದರು. ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ, ಉದ್ದಕ್ಕೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ ಎಂಬುದನ್ನು ನಲವತ್ತು ದಾಟಿದ ಮೇಲೆ ಅವರಿಂದ ಕಲಿತೆ. ಅಡಿಹಲಗೆಯನ್ನು ಗಾಡಿಯಲ್ಲಿ ಕೂರಿಸಿದೆವು, ಅಂಟು ಹಾಕಲಿಲ್ಲ. ಅಂಟು ಹಾಕಿ ಬಿಗಿದರೆ ಜಾಗ ಸಾಲದೆ ಹಲಗೆ ತಾನೇ ಸೀಳುತ್ತದಂತೆ.

ಮೂಲೆಗಳಲ್ಲಿ ಹಲ್ಲು ಕಡಿದು ಒಂದಕ್ಕೊಂದು ಕೂಡಿಸುವುದೇ ಕಷ್ಟದ ಕೆಲಸ. ಮುಂದಿನ ಎಡಮೂಲೆಯಲ್ಲಿ ಹತ್ತು ರೂಪಾಯಿಯ ನೋಟನ್ನು ಮಡಚಿ ತೂರಿಸುವಷ್ಟು ಸಂದು ಉಳಿಯಿತು. ನನ್ನ ಮುಖ ನೋಡಿದ ಆಚಾರಿಯವರು ನುಣ್ಣನೆಯ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ, ಉಳಿಯ ತುದಿಯಿಂದ ಸಂದಿಗೆ ಒತ್ತಿ, ಒಣಗಿದ ಮೇಲೆ ಮರಳುಕಾಗದದಿಂದ ಉಜ್ಜಿದರು. ಸಂದು ಮಾಯವಾಯಿತು. “ಸಾರಮಿಲ್ಲ, ಸಾರೇ” ಎಂದರು. ಪರವಾಗಿಲ್ಲ ಎನ್ನುವ ಈ ಮಲಯಾಳ ಮಾತನ್ನು ಕನ್ನಡದ ಕಿವಿಯಿಂದ ಕೇಳಿದರೆ ಸತ್ವವಿಲ್ಲ ಎಂದಾಗುತ್ತದೆ. ಗಡಿನಾಡಿನಲ್ಲಿ ಹುಟ್ಟಿದವನಿಗೆ ಎರಡೂ ಅರ್ಥ ಒಟ್ಟಿಗೇ ಕೇಳಿಸುತ್ತವೆ, ಏನು ಮಾಡುವುದು!

ಬ್ಯಾಂಕಿನಲ್ಲಿ ನಮಗೆ ಮೊದಲು ಕಲಿಸುವ ಪಾಠ ಬೇರೆ. ಚೀಟಿಯಲ್ಲಿ ತಪ್ಪಿದರೆ ಅದರ ಮೇಲೆಯೇ ತಿದ್ದಿ ಬರೆಯಕೂಡದು. ಒಂದು ಗೆರೆ ಎಳೆದು, ಸರಿಯಾದುದನ್ನು ಬರೆದು, ಸಹಿ ಹಾಕಬೇಕು. ಕಂಪ್ಯೂಟರು ಬಂದ ಮೇಲೂ ನಿಯಮ ಅದೇ. ಲೆಕ್ಕಕ್ಕೆ ಸೇರಿದ ತಪ್ಪು ನಮೂದನ್ನು ಅಳಿಸಲಾಗದು; ಎದುರು ನಮೂದು ಹಾಕಬೇಕು, ಎರಡೂ ಉಳಿಯುತ್ತವೆ. ಹಗಲೆಲ್ಲ ಹೀಗೆ ತಪ್ಪಿಗೆ ಸಹಿ ಹಾಕುವವನು ಸಂಜೆ ಮನೆಗೆ ಬಂದು ತಪ್ಪಿಗೆ ಮರದ ಹುಡಿ ತುಂಬುವುದು ಸರಿಯೇ?

ಪ್ರಶ್ನೆ ಅಷ್ಟಕ್ಕೇ ನಿಂತಿದ್ದರೆ ಈ ಬರಹ ಬೇಕಿರಲಿಲ್ಲ. ಆಚಾರಿಯವರು ಇಲ್ಲದ ಒಂದು ಭಾನುವಾರ ಮುಚ್ಚಳ ಕೂರಿಸಲು ನಾನೊಬ್ಬನೇ ಹೊರಟೆ. ಮೊದಲು ಸಣ್ಣ ತೂತು ಕೊರೆಯದೆ, ಹಿಂದಿನ ಹಲಗೆಯ ಅಂಚಿಗೆ ವಿಜಾಗಿರಿಯ ಸ್ಕ್ರೂ ತಿರುಗಿಸಿದೆ. ಟಕ್ ಎಂದು ಹಲಗೆ ಬಿರಿಯಿತು. ಆಚೀಚೆ ನೋಡಿದೆ. ಹುಡಿ ಕಲಸಿದೆ, ತುಂಬಿದೆ, ಅದೇ ತೂತಿಗೆ ಸ್ಕ್ರೂ ಬಿಗಿದು ಮೇಲೆ ಪಾಲಿಶ್ ಬಳಿದೆ. ಮರುದಿನ ಪೆಟ್ಟಿಗೆಯನ್ನು ನೋಡಿದ ಆಚಾರಿಯವರು ಹೊಗಳಿದರು. ನಾನು ಸುಮ್ಮನಿದ್ದೆ.

ತಿಂಗಳಾದ ಮೇಲೆ ತಂಗಿ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳುಹಿಸಿದಳು. ಅವಳ ನಾಲ್ಕು ವರ್ಷದ ಮಗಳು ಪೆಟ್ಟಿಗೆಯ ಅಂಚಿಗೆ ಎರಡೂ ಕೈ ಊರಿ ಒಳಗೆ ಇಣುಕುತ್ತಿದ್ದಾಳೆ. ಮುಚ್ಚಳ ಅವಳ ತಲೆಯ ಮೇಲೆ ನೆಟ್ಟಗೆ ನಿಂತಿದೆ. ಆ ಮುಚ್ಚಳದ ಭಾರ ಸುಮಾರು 5 ಕಿಲೋ. ಅದನ್ನು ಹಿಡಿದಿರುವುದು ಏನೆಂದು ಲೋಕದಲ್ಲಿ ಬಲ್ಲವನು ನಾನೊಬ್ಬನೇ.

ಆ ರಾತ್ರಿ ನನಗೆ ಜಕಣಾಚಾರಿ ನೆನಪಾದ. ಶಾಸನಗಳು ಏನೆನ್ನುತ್ತವೆ ಎಂಬುದು ಬೇರೆ ಮಾತು, ನಾನು ಹೇಳುವುದು ಕತೆಯನ್ನು. ಬೇಲೂರಿನಲ್ಲಿ ಹುಡುಗನೊಬ್ಬ ಬಂದು ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ. ಗಂಧ ಬಳಿದು ನೋಡಿದರೆ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಒಡೆದಾಗ ಕಪ್ಪೆ ಹೊರಬಂತು. ಆಡಿದ ಮಾತಿಗೆ ಕಟ್ಟುಬಿದ್ದು ಜಕಣಾಚಾರಿ ತನ್ನ ಬಲಗೈ ಕಡಿದುಕೊಂಡ. ಹುಡುಗ ತನ್ನ ಮಗನೆಂದು ತಿಳಿದದ್ದು ಆಮೇಲೆ. ಮಲಯಾಳದ ಪೆರುಂದಚ್ಚನ ಕತೆಯಲ್ಲೂ ತನ್ನನ್ನು ಮೀರಿಸುವ ಮಗನಿದ್ದಾನೆ. ಅಲ್ಲಿ ಮೇಲಿದ್ದ ತಂದೆಯ ಕೈಯಿಂದ ಉಳಿ ಬಿದ್ದು ಕೆಳಗಿದ್ದ ಮಗ ಸಾಯುತ್ತಾನೆ. ಜಾರಿತೋ, ಬಿಟ್ಟನೋ ಎಂಬ ಮಾತು ಇನ್ನೂ ಮುಗಿದಿಲ್ಲ. ತಿಲಕನ್ ನಟಿಸಿದ ಚಿತ್ರವೂ ಬಂತು. ಒಬ್ಬ ಕೈ ಕಳೆದುಕೊಂಡ, ಇನ್ನೊಬ್ಬ ಮಗನನ್ನು. ಇದರಲ್ಲಿ ಭಾಷೆಯ ಪಕ್ಷಪಾತ ಹುಡುಕಬೇಡಿ. ಎರಡೂ ಕತೆ ಕೇಳಿ ಬೆಳೆದವನು ನಾನು.

ನನಗೆ ಚುಚ್ಚಿದ್ದು ಬೇರೆಯೇ. ಕಲ್ಲಿನೊಳಗಿನ ಕಪ್ಪೆ ಜಕಣಾಚಾರಿಗೆ ಗೊತ್ತಿರಲಿಲ್ಲ, ಆದರೂ ಆತ ಬೆಲೆ ತೆತ್ತ. ನನ್ನ ಕಪ್ಪೆಯನ್ನು ಒಳಗಿಟ್ಟು ಪಾಲಿಶ್ ಹಾಕಿದವನು ನಾನೇ. ಮುಂದಿನ ಮೂಲೆಯ ಸಂದು ತೆರೆದುಕೊಂಡರೆ ಕೆಡುವುದು ನನ್ನ ಹೆಸರು. ಹಿಂದಿನ ಬಿರುಕು ತೆರೆದುಕೊಂಡರೆ ನಜ್ಜುಗುಜ್ಜಾಗುವುದು ಮಗುವಿನ ಬೆರಳು. ಹುಡಿಯೂ ಒಂದೇ, ಅಂಟೂ ಒಂದೇ, ಆದರೂ ಒಂದು ಮರೆ, ಇನ್ನೊಂದು ಮೋಸ ಅನ್ನಿಸಿತು. ಈ ಭೇದ ನನಗೆ ಅನುಕೂಲವಾಗಿ ಹೊಳೆದದ್ದೇ ಎಂಬ ಸಂಶಯವೂ ಇಲ್ಲದಿಲ್ಲ. ಹೇಳಿದರೆ ತಂಗಿಯ ಸಂತೋಷ ಕೆಡುತ್ತದಲ್ಲ ಎಂದು ಒಂದು ದಿನ ತಳ್ಳಿದೆ. ಲೆಕ್ಕದ ತಪ್ಪು ಮುಚ್ಚಿ ಸಿಕ್ಕಿಬಿದ್ದವರೂ ಹೀಗೆಯೇ ಹೇಳುತ್ತಾರೆ, ಗ್ರಾಹಕರಿಗೆ ಯಾಕೆ ಸುಮ್ಮನೆ ಗಾಬರಿ ಎಂದು.

ಮರುದಿನ ಫೋನು ಮಾಡಿದೆ. “ಮಗುವನ್ನು ಪೆಟ್ಟಿಗೆಯ ಹತ್ತಿರ ಬಿಡಬೇಡ, ಮುಚ್ಚಳ ತೆಗೆದು ಕೆಳಗಿಡು. ಹಿಂದಿನ ಹಲಗೆ ಬಿರಿದಿದೆ. ನಾನೇ ಮುಚ್ಚಿ ಕೊಟ್ಟದ್ದು” ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. “ಕೊಡುವಾಗಲೇ ಹೇಳಬಹುದಿತ್ತಲ್ಲ ಅಣ್ಣ” ಎಂದಳು. ಅದಕ್ಕೆ ಉತ್ತರವಿರಲಿಲ್ಲ.

ಎರಡನೇ ಶನಿವಾರ ಬ್ಯಾಂಕಿಗೆ ರಜೆ. ಸುಳ್ಯ, ಸಂಪಾಜೆ ದಾರಿಯಾಗಿ ಹೋದೆ. ಚೀಲದಲ್ಲಿ ಒಂದು ಹಲಸಿನ ಪಟ್ಟಿ, ಕೈ ಡ್ರಿಲ್ಲು, ಸ್ಕ್ರೂಗಳು, ಮುಚ್ಚಳವನ್ನು ತಡೆದು ಹಿಡಿಯಲು ಒಂದು ಸರಪಳಿ. ಒಳಗಿನಿಂದ ಪಟ್ಟಿ ಕೊಟ್ಟು, ಈ ಬಾರಿ ತೂತು ಕೊರೆದು, ವಿಜಾಗಿರಿಯನ್ನು ಹೊಸ ಮರಕ್ಕೆ ಬಿಗಿದೆ. ಸ್ಕ್ರೂಗಳನ್ನು ಒಂದೊಂದಾಗಿ ಎಣಿಸಿ ಕೊಟ್ಟದ್ದು ಸೊಸೆ. ಹಳೆಯ ಹಲಗೆ ಕಂದಿತ್ತು, ಪಟ್ಟಿ ಮಾತ್ರ ಹಸಿ ಹಳದಿ. ತಂಗಿ ಚಹಾ ತಂದವಳು ಅದನ್ನು ನೋಡಿ, “ಇದಕ್ಕೆ ಪಾಲಿಶ್ ಇಲ್ವಾ?” ಎಂದಳು. ಬೇಡ, ಹಾಗೇ ಇರಲಿ ಎಂದೆ.

ಮುಂದಿನ ಎಡಮೂಲೆಯ ವಿಷಯ ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ.