ಥೇಟ್ ಅದರ ಹಾಗೇ

ದಾರದಿಂದ ಚಿತ್ರ ಬಿಡಿಸಿದ ಕೌದಿಯೊಂದನ್ನು ಗೋಡೆಗೆ ತೂಗುಹಾಕಿ, ಬಂದುಹೋಗುವವರನ್ನು ಸುಮ್ಮನೆ ಗಮನಿಸಿ. ದೂರದಿಂದ ಕಂಡವರು ಯಾವುದೋ ಪೇಂಟಿಂಗ್ ಇರಬೇಕೆಂದು ದಾಟಿಹೋಗುತ್ತಾರೆ. ಯಾರಾದರೂ 'ಅದು ಹೊಲಿಗೆ ಕಣ್ರೀ' ಎಂದರೆ ಮಾತ್ರ ಹಿಂದಿರುಗುತ್ತಾರೆ, ಮೂಗು ತಗಲುವಷ್ಟು ಹತ್ತಿರ ಬಾಗುತ್ತಾರೆ, ಬೆರಳು ಚಾಚಿ ಮತ್ತೆ ಹಿಂದಕ್ಕೆಳೆದುಕೊಳ್ಳುತ್ತಾರೆ. ಆಮೇಲೆ ಬರುವ ಮಾತು ಬಹುಪಾಲು ಒಂದೇ: 'ಅಯ್ಯೋ, ಥೇಟ್ ಪೇಂಟಿಂಗ್ ಥರಾನೇ ಇದೆಯಲ್ಲ!'

ವಿಚಿತ್ರವಲ್ಲವೇ? ಪೇಂಟಿಂಗ್ ಎಂದುಕೊಂಡಾಗ ನಿಲ್ಲದ ಕಾಲು ದಾರವೆಂದು ತಿಳಿದಾಗ ನಿಂತಿತು. ಆದರೂ ನಾಲಿಗೆ ಹೊಗಳಿದ್ದು ಪೇಂಟಿಂಗನ್ನೇ.

ಅಮೆರಿಕದಲ್ಲಿ, ಯುರೋಪಿನಲ್ಲಿ ಕಳೆದ ಐದು ದಶಕಗಳಲ್ಲಿ 'ಆರ್ಟ್ ಕ್ವಿಲ್ಟ್' ಎಂಬುದು ದೊಡ್ಡ ಕಲಾಪ್ರಕಾರವಾಗಿಯೇ ಬೆಳೆದಿದೆ. ಮೇಲೊಂದು ಬಟ್ಟೆ, ನಡುವೆ ಹತ್ತಿಯ ಪದರ, ಕೆಳಗೆ ಅಸ್ತರು. ಮೂರನ್ನೂ ಹಿಡಿದಿಡುವ ಹೊಲಿಗೆ. ಇಷ್ಟಿದ್ದರೆ ಅದು ಕ್ವಿಲ್ಟ್. ಹೊದೆಯುವ ಬದಲು ಗೋಡೆಗೆ ತೂಗುಹಾಕಲೆಂದೇ ಮಾಡಿದ್ದರೆ ಆರ್ಟ್ ಕ್ವಿಲ್ಟ್. ಅದರ ಮೇಲೆ ಬಣ್ಣಬಣ್ಣದ ದಾರಗಳಿಂದ ಒತ್ತೊತ್ತಾಗಿ ಹೊಲಿಯುತ್ತ ಎಲೆ, ಹಕ್ಕಿ, ಮುಖ, ಮೋಡ ಮೂಡಿಸುವುದಕ್ಕೆ ಥ್ರೆಡ್ ಪೇಂಟಿಂಗ್ ಎನ್ನುತ್ತಾರೆ. ಹೊಲಿಗೆ ಮಷೀನಿನಲ್ಲಿ ಸೂಜಿಯ ಕೆಳಗೆ ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಸಣ್ಣ ಹಲ್ಲುಗಳಿರುತ್ತವೆ. ಅವನ್ನು ಕೆಳಗಿಳಿಸಿಬಿಟ್ಟರೆ ಮಷೀನಿಗೆ ದಿಕ್ಕು ತಪ್ಪುತ್ತದೆ. ಸೂಜಿ ನಿಂತಲ್ಲೇ ಕುಕ್ಕುತ್ತಿರುತ್ತದೆ. ಆಗ ಬಟ್ಟೆಯನ್ನು ಓಡಿಸಬೇಕಾದವರು ನಾವು. ಪೆನ್ನು ಒಂದೇ ಕಡೆ ನಿಂತಿದ್ದು, ಅದರ ಕೆಳಗೆ ಕಾಗದವನ್ನೇ ಆಡಿಸಿ ಅಕ್ಷರ ಬರೆದ ಹಾಗೆ. ನಮ್ಮೂರುಗಳ ಲೇಡೀಸ್ ಟೇಲರ್‌ಗಳು ರಿಂಗು ಹಾಕಿ ರವಿಕೆ ತೋಳಿನ ಮೇಲೆ ಹೂಬಳ್ಳಿ ಹರಿಸುವುದೂ ಇದೇ ಉಪಾಯದಿಂದ. ಸಿಂಗರ್ ಕಂಪನಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಇದನ್ನು ಕಲಿಸಲು ಪುಸ್ತಕ ಅಚ್ಚು ಹಾಕಿಸಿತ್ತು. ಹಾಗಾಗಿ ಇದೇನು ನಿನ್ನೆ ಮೊನ್ನೆಯ ವಿದ್ಯೆಯಲ್ಲ.

ಧಾರವಾಡದಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳು ಹೀಗೆ ಮಿಂಚುಳ್ಳಿ ಹೊಲಿಯುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ರೆಕ್ಕೆಗೆಂದು ಆಕೆ ಎತ್ತಿಟ್ಟುಕೊಂಡಿದ್ದು ನೀಲಿ ರೀಲುಗಳನ್ನಷ್ಟೇ ಅಲ್ಲ. ಹಸಿರು, ಬೂದು, ಒಂದು ನೇರಳೆ, ಕಡೆಗೊಂದು ಕಪ್ಪು. ಬಣ್ಣದ ಡಬ್ಬಿಯಾಗಿದ್ದರೆ ಎರಡನ್ನು ಕಲಸಿ ಮೂರನೆಯದನ್ನು ಮಾಡಬಹುದಿತ್ತು. ದಾರ ಕಲಸಿಕೊಳ್ಳುವುದಿಲ್ಲ. ಹಸಿರೆಳೆ ಹಸಿರಾಗಿಯೇ, ನೀಲಿ ಎಳೆ ನೀಲಿಯಾಗಿಯೇ ಅಕ್ಕಪಕ್ಕ ಕೂರುತ್ತವೆ. ಕಲಸುವ ಕೆಲಸ ನೋಡುವವರ ಕಣ್ಣಿನದು. ಇನ್ನೊಂದು ಗುಟ್ಟನ್ನು ಆಕೆಯೇ ತೋರಿಸಿದಳು. ಒಂದೇ ರೀಲಿನ ದಾರವನ್ನು ಉದ್ದಕ್ಕೆ ಹೊಲಿದು, ಅದರ ಪಕ್ಕದಲ್ಲೇ ಅಡ್ಡಕ್ಕೆ ಹೊಲಿದಳು. ಕಿಟಕಿಯ ಬೆಳಕಿಗೆ ಹಿಡಿದರೆ ಎರಡು ಬೇರೆ ಬಣ್ಣ! ನಮ್ಮ ಡಬಲ್ ಶೇಡ್ ರೇಷ್ಮೆ ಸೀರೆಯಲ್ಲಿ ಹಾಸಿಗೊಂದು ಹೊಕ್ಕಿಗೊಂದು ಬಣ್ಣವಿರುವುದರಿಂದ ನೆರಿಗೆ ಹೊರಳಿದಂತೆ ಬಣ್ಣ ಬದಲಾಗುತ್ತದೆ. ಇಲ್ಲಿ ಇದ್ದದ್ದು ಒಂದೇ ದಾರ. ಬದಲಾದದ್ದು ಅದು ಮಲಗಿದ ದಿಕ್ಕು ಮಾತ್ರ. ಗರಿಯ ಎಳೆ ಹಕ್ಕಿಯ ಮೈಮೇಲೆ ಯಾವ ಕಡೆ ಬಾಗಿದೆಯೋ ಅದೇ ಕಡೆಗೆ ಹೊಲಿಗೆ ಹರಿದರೆ, ನೋಡುವವರು ಒಂದು ಹೆಜ್ಜೆ ಸರಿದಾಗಲೆಲ್ಲ ರೆಕ್ಕೆ ಮಿಂಚುತ್ತದೆ. ಕ್ಯಾನ್ವಾಸಿನ ಮೇಲೆ ಸವರಿದ ನೀಲಿಗೆ ಈ ಆಟ ಬರುವುದಿಲ್ಲ.

ದಾರಕ್ಕೆ ತನ್ನದೇ ಹಟವೂ ಉಂಟು. ಒತ್ತಾಗಿ ಹೊಲಿದಷ್ಟೂ ಬಟ್ಟೆ ಸುಕ್ಕುಗಟ್ಟುತ್ತದೆ, ಒಳಕ್ಕೆ ಎಳೆದುಕೊಳ್ಳುತ್ತದೆ. ಟೆನ್ಷನ್ ತಪ್ಪಿದರೆ ಕೆಳಗಿನ ಬಾಬಿನ್ ದಾರ ಮೇಲಕ್ಕೆ ಇಣುಕುತ್ತದೆ. ಕೈ ಜೋರಾಗಿ ಓಡಿ ಕಾಲು ನಿಧಾನವಾದರೆ ಉದ್ದುದ್ದ ಟಾಕು. ಕೈ ತಡೆದು ಕಾಲು ಒತ್ತಿದರೆ ಒಂದೇ ಕಡೆ ಗಂಟು. ಇವನ್ನೆಲ್ಲ ಸಂಭಾಳಿಸಿಕೊಂಡು ಹಕ್ಕಿ ಕಣ್ಣು ಬಿಟ್ಟ ದಿನ ಆಕೆಯ ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ, 'ಯವ್ವಾ, ಫೋಟೋ ತಗದಂಗ ಐತಲ್ಲ!' ಎಂದರು. ಪ್ರೀತಿಯ ಮಾತೇ. ಅವರು ಒಳಗೆ ಹೋದ ಮೇಲೆ ಹುಡುಗಿ ನನ್ನ ಕಡೆ ತಿರುಗಿ, 'ಫೋಟೋನ ಬೇಕಾಗಿದ್ರ ಮೊಬೈಲಿನ್ಯಾಗ ತಗೀತಿದ್ನಲ್ರೀ ಅಕ್ಕಾರ' ಎಂದು ನಕ್ಕಳು.

'ಅದರ ಹಾಗೇ' ಎಂಬ ಈ ಹೊಗಳಿಕೆಯ ಹಿಂದೆ ಹಳೆಯದೊಂದು ಏಣಿ ಇದೆ. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಸ್ಥಾಪನೆಯಾದ ಒಂದೆರಡು ವರ್ಷಗಳಲ್ಲೇ, ಸೂಜಿಕೆಲಸ, ಕಾಗದ ಕತ್ತರಿಸಿದ ಚಿತ್ರ, ಕಪ್ಪೆಚಿಪ್ಪಿನ ಕೆಲಸ, ಕೃತಕ ಹೂ ಇವಕ್ಕೆಲ್ಲ ತನ್ನ ಪ್ರದರ್ಶನದಲ್ಲಿ ಜಾಗವಿಲ್ಲ ಎಂದು ನಿಯಮ ಮಾಡಿತು. ಹೆಂಗಸರು ಮನೆಯಲ್ಲಿ ಕೂತು ಮಾಡುತ್ತಿದ್ದ ಕೆಲಸಗಳೇ ಇವೆಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಕಾಲಕ್ಕೆ ಲೆಸ್ಟರ್ ಪಟ್ಟಣದಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ ಮೇರಿ ಲಿನ್‌ವುಡ್ ಎಂಬಾಕೆ ಗೇನ್ಸ್‌ಬರೋ, ರೆನಾಲ್ಡ್ಸ್, ರಫೇಲ್ ಮೊದಲಾದವರ ತೈಲಚಿತ್ರಗಳನ್ನು ಉಣ್ಣೆ ದಾರದಲ್ಲಿ ನಕಲು ಮಾಡತೊಡಗಿದಳು. ಗಿಡ್ಡ ಹೊಲಿಗೆ, ಉದ್ದ ಹೊಲಿಗೆ ಬೆರೆಸಿ ಕುಂಚ ಆಡಿದ ಜಾಡನ್ನೇ ಸೂಜಿಯಲ್ಲಿ ಹಿಡಿಯುತ್ತಿದ್ದಳು. ಲಂಡನ್ನಿನ ಲೆಸ್ಟರ್ ಚೌಕದಲ್ಲಿ ಆಕೆಯದೇ ಗ್ಯಾಲರಿ ದಶಕಗಳ ಕಾಲ ನಡೆಯಿತು; ಜನ ದುಡ್ಡು ಕೊಟ್ಟು ನೋಡಲು ಬಂದರು. ಕಾರ್ಲೊ ಡೋಲ್ಚಿಯ ಚಿತ್ರ ನೋಡಿ ಹೊಲಿದ ಕ್ರಿಸ್ತನ ಚಿತ್ರಕ್ಕೆ 3,000 ಗಿನಿ ಕೊಡುತ್ತೇವೆಂದರೂ ಮಾರದೆ, ಅದನ್ನು ವಿಕ್ಟೋರಿಯಾ ರಾಣಿಗೆ ಉಯಿಲು ಬರೆದಿಟ್ಟಳು. 1845ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ ತೀರಿಕೊಂಡಳು. ಉಳಿದ ಚಿತ್ರಗಳು ಹರಾಜಿನಲ್ಲಿ ಅಗ್ಗಕ್ಕೆ ಹೋದವು. ಇಂದು ರೆನಾಲ್ಡ್ಸನ ಹೆಸರು ಬಲ್ಲವರಲ್ಲಿ ಲಿನ್‌ವುಡ್ ಹೆಸರು ಕೇಳಿದವರು ಎಷ್ಟು ಮಂದಿ?

ಆಕೆಯನ್ನು ಹಳಿಯಲು ನನಗೆ ಮನಸ್ಸಿಲ್ಲ. ಬಾಗಿಲು ಮುಚ್ಚಿದವರ ಮುಂದೆ 'ನಿಮ್ಮ ಕುಂಚ ಮಾಡುವುದನ್ನೆಲ್ಲ ನನ್ನ ಸೂಜಿ ಮಾಡಬಲ್ಲದು' ಎಂದು ತೋರಿಸುವುದರಲ್ಲಿ ಛಲವಿದೆ, ಸ್ವಾಭಿಮಾನವಿದೆ. ಆದರೆ ಆ ಛಲದಲ್ಲೇ ಸೋಲೂ ಇತ್ತು. ಪಂದ್ಯ ನಡೆದದ್ದು ಎದುರಾಳಿಯ ಅಂಗಳದಲ್ಲಿ. ಎಷ್ಟು ಚೆನ್ನಾಗಿ ಗೆದ್ದರೂ ಸಿಗುವ ಬಹುಮಾನ 'ಅದರ ಹಾಗೇ ಇದೆ' ಎಂಬುದಷ್ಟೇ. ಅಸಲು ಕೈಗೆ ಸಿಗುವಾಗ ಅದರ ಹಾಗಿರುವುದು ಯಾರಿಗೆ ಬೇಕು?

ಈ ಏಣಿ ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಹೋದರೆ ನಗು ಬರುತ್ತದೆ. ಮಷೀನಿನಲ್ಲಿ ಹೊಲಿದದ್ದನ್ನು 'ಕೈಹೊಲಿಗೆ ಥರಾ ಇದೆ' ಎಂದು ಹೊಗಳುತ್ತೇವೆ. ಅಮೆರಿಕದ ಪಡೂಕಾ ಊರಿನ ದೊಡ್ಡ ಕ್ವಿಲ್ಟ್ ಸ್ಪರ್ಧೆಯಲ್ಲಿ 1989ರಲ್ಲಿ ಕ್ಯಾರಿಲ್ ಬ್ರೈಯರ್ ಫ್ಯಾಲರ್ಟ್ ಅವರ ಸೂರ್ಯಗ್ರಹಣದ ಕ್ವಿಲ್ಟಿಗೆ ಮೊದಲ ಬಹುಮಾನ ಬಂತು. ಮಷೀನಿನಲ್ಲಿ ಹೊಲಿದ ಕ್ವಿಲ್ಟಿಗೆ ಅಲ್ಲಿ ಆ ಗೌರವ ಸಿಕ್ಕಿದ್ದು ಅದೇ ಮೊದಲು; ಕೈಹೊಲಿಗೆಯ ಮಡಿವಂತರು ಮುನಿಸಿಕೊಂಡರು. ಇನ್ನು ಕೈಹೊಲಿಗೆಯನ್ನು 'ಪೇಂಟಿಂಗ್ ಥರಾ ಇದೆ' ಎನ್ನುತ್ತೇವೆ. ಪೇಂಟಿಂಗನ್ನು 'ಥೇಟ್ ಫೋಟೋ' ಎನ್ನುತ್ತೇವೆ. ಫೋಟೋ ಬಹಳ ಚೆನ್ನಾಗಿ ಬಂದರೆ? 'ಆಹಾ, ಪೇಂಟಿಂಗ್ ಇದ್ದ ಹಾಗಿದೆ!'

ನಗೆಯಾಡಿ ಬಿಡುವಷ್ಟು ಹಗುರದ ವಿಷಯವಲ್ಲ ಇದು. ಹೋಲಿಕೆಗೆ ಯಾವಾಗಲೂ ಒಂದು ದಿಕ್ಕಿರುತ್ತದೆ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಹಳೆಯ ಅಮೆರಿಕನ್ ಕ್ವಿಲ್ಟ್‌ಗಳನ್ನು ಹಾಸಿಗೆಯಿಂದೆಬ್ಬಿಸಿ ಬಿಳಿ ಗೋಡೆಗೆ ತೂಗುಹಾಕಿದರು. ಜನ ಮುಗಿಬಿದ್ದರು. ಆಧುನಿಕ ಅಮೂರ್ತ ಚಿತ್ರಗಳ ಹಾಗಿವೆ ಎಂಬುದೇ ಹೊಗಳಿಕೆಯ ಪಲ್ಲವಿ. ಆ ಚಿತ್ರಗಳು ಹುಟ್ಟುವ ಎಷ್ಟೋ ದಶಕಗಳ ಹಿಂದೆಯೇ ಹೊಲಿದಿಟ್ಟ ಕ್ವಿಲ್ಟ್‌ಗಳು ಅಲ್ಲಿದ್ದವು! ಅಜ್ಜಿಗೆ 'ನೀನು ಥೇಟ್ ನಿನ್ನ ಮೊಮ್ಮಗಳ ಹಾಗೇ ಇದ್ದೀಯ' ಎಂದು ಯಾರಾದರೂ ಹೇಳುತ್ತಾರೆಯೇ? ಪೆಟ್ರೀಷಿಯಾ ಮೈನಾರ್ಡಿ ಎಂಬ ಕಲಾ ಇತಿಹಾಸಕಾರ್ತಿ 1973ರಲ್ಲಿ ಬರೆದ ಲೇಖನದಲ್ಲಿ ಈ ಧೋರಣೆಯನ್ನು ಚೆನ್ನಾಗಿಯೇ ಝಾಡಿಸಿದರು.

ನಾವೂ ಕಡಿಮೆಯಿಲ್ಲ. ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಎಂದು ಹೆಮ್ಮೆಯಿಂದ ಬೋರ್ಡು ಬರೆಸುತ್ತೇವೆ. ಸ್ಕಾಟ್ಲೆಂಡಿನವರು ತಮ್ಮ ನಾಡನ್ನು ಬ್ರಿಟನ್ನಿನ ಕೊಡಗು ಎಂದದ್ದನ್ನು ನಾನು ಕೇಳಿಲ್ಲ. ಮನೆಯ ಅಡುಗೆಯನ್ನು ಹೋಟೆಲಿನ ಹಾಗಿದೆ ಎಂದು ಹೊಗಳುವವರಿದ್ದಾರೆ. ಎಲ್ಲಕ್ಕಿಂತ ನನಗೆ ಚುಚ್ಚುವುದು ಇನ್ನೊಂದು ಹೊಗಳಿಕೆ. ತಂದೆ ಹಾಸಿಗೆ ಹಿಡಿದಾಗ ಆಸ್ಪತ್ರೆ, ಬ್ಯಾಂಕು, ತಂಗಿಯರ ಮದುವೆ ಎಲ್ಲವನ್ನೂ ಹೆಗಲಿಗೆ ಹಾಕಿಕೊಂಡು ದುಡಿದ ಹೆಣ್ಣುಮಗಳ ಬಗ್ಗೆ ನೆಂಟರು ಕಣ್ಣೊರೆಸಿಕೊಳ್ಳುತ್ತ ಹೇಳುವುದು: 'ಅವಳು ಮಗಳಲ್ಲ, ಗಂಡುಮಗನ ಹಾಗೆ ನೋಡಿಕೊಂಡಳು.' ಹೇಳುವವರ ಮನಸ್ಸಿನಲ್ಲಿ ಕಪಟವಿಲ್ಲ. ಆದರೆ ಅವಳು ಮಾಡಿದ್ದೆಲ್ಲವೂ ಒಂದೇ ಮಾತಿನಲ್ಲಿ ಇನ್ಯಾರದೋ ಖಾತೆಗೆ ಜಮೆಯಾಯಿತು. ಆ ಗಂಡುಮಗ ಹುಟ್ಟಿಯೇ ಇರಲಿಲ್ಲ. ಹುಟ್ಟಿದ್ದರೂ ನೋಡಿಕೊಳ್ಳುತ್ತಿದ್ದನೋ ಇಲ್ಲವೋ. ಆದರೂ ಅಳತೆಗೋಲು ಅವನೇ.

ಹಾಗೆಂದು ಹೋಲಿಕೆಯನ್ನೇ ಬಿಟ್ಟುಬಿಡಿ ಎಂದರೆ ಅದು ಬದುಕುವ ಮಾತಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವುದರ ಪಕ್ಕ ಇಟ್ಟೇ ನಾವು ಹೊಸದನ್ನು ಅರಿಯುವುದು. ಕಲಿಯುವವರಿಗಂತೂ ನಕಲು ಬೇಕೇ ಬೇಕು. ಬೀಸಾ ಬಟ್ಲರ್ ಎಂಬ ಕಲಾವಿದೆ ಕಪ್ಪು ಜನಾಂಗದವರ ಹಳೆಯ ಕಪ್ಪು-ಬಿಳುಪು ಫೋಟೋಗಳನ್ನಿಟ್ಟುಕೊಂಡೇ ಆಳೆತ್ತರದ ಕ್ವಿಲ್ಟ್‌ಗಳನ್ನು ಹೊಲಿಯುತ್ತಾರೆ. ಕಲಿತದ್ದು ಚಿತ್ರಕಲೆ. ಆದರೆ ಅವರ ಕೈಯಲ್ಲಿ ಮುಖದ ಚರ್ಮ ಕಡುನೀಲಿ, ಕೆಂಪು, ನೇರಳೆ ಆಗುತ್ತದೆ. ಅಂಗಿಗೆ ಆಫ್ರಿಕಾದ ಅಚ್ಚಿನ ಬಟ್ಟೆ ಬರುತ್ತದೆ. ಹೊರಟದ್ದು ಫೋಟೋದಿಂದ, ತಲುಪಿದ್ದು ಯಾವ ಕ್ಯಾಮೆರಾವೂ ಕಾಣದ ಕಡೆಗೆ. ಅವುಗಳ ಮುಂದೆ ನಿಂತು 'ಥೇಟ್ ಫೋಟೋ' ಎನ್ನಲು ಯಾರಿಗೂ ಬಾಯಿ ಬರಲಾರದು. ಥ್ರೆಡ್ ಪೇಂಟಿಂಗ್ ಮಾಡುವವರ ಕೆಲಸಗಳಲ್ಲಿ ನನಗೆ ಹಿಡಿಸುವುದೂ ಇಂಥವೇ. ಟಾಕು ಕಾಣದಂತೆ ಮುಚ್ಚಿ, ಹೊಳಪು ಅಡಗಿಸಿ, ಬಣ್ಣದ ಮುದ್ರಣವೇ ಎನ್ನಿಸಿಬಿಡುವ ಗುಲಾಬಿಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಾರೆ. ಅಷ್ಟು ತಿಂಗಳು ದುಡಿದು ದಾರವನ್ನೇ ಬಚ್ಚಿಟ್ಟರಲ್ಲ ಎನಿಸುತ್ತದೆ.

ಹಾಗಾದರೆ ಹೋಲಿಕೆಯ ಬದಲು ಏನು ಹೇಳಬೇಕು? ಹೇಳುವುದಕ್ಕಿಂತ ಕೇಳುವುದು ಲೇಸೆಂದು ನನಗನಿಸಿದ್ದು ಹ್ಯಾರಿಯೆಟ್ ಪವರ್ಸ್ ಕಥೆ ಓದಿದಾಗ. ಅಮೆರಿಕದ ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಳಾಗಿ ಹುಟ್ಟಿದ ಹೆಣ್ಣುಮಗಳು ಆಕೆ. ಬಿಡುಗಡೆಯ ನಂತರ ಗಂಡನೊಡನೆ ಸಣ್ಣ ಜಮೀನು ಮಾಡಿಕೊಂಡು, ಬೈಬಲ್ ಕಥೆಗಳ ಹನ್ನೊಂದು ಚಿತ್ರಗಳನ್ನು ಬಟ್ಟೆಯಲ್ಲಿ ಕತ್ತರಿಸಿ, ಕೈಯಿಂದಲೂ ಮಷೀನಿನಿಂದಲೂ ಹೊಲಿದು ಒಂದು ಕ್ವಿಲ್ಟ್ ಮಾಡಿದಳು. 1886ರಲ್ಲಿ ಅಥೆನ್ಸ್ ಊರಿನ ಹತ್ತಿ ಜಾತ್ರೆಯಲ್ಲಿ ಅದನ್ನು ಕಂಡ ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ಕೊಳ್ಳಲು ಹೋದರೆ, ಪವರ್ಸ್ ಮಾರಲಿಲ್ಲ. ಕೆಲವು ವರ್ಷಗಳ ಮೇಲೆ ಕಷ್ಟ ಬಂದಾಗ ತಾನೇ ಎತ್ತಿನ ಗಾಡಿಯಲ್ಲಿ, ಶುಭ್ರವಾದ ಹಿಟ್ಟಿನ ಚೀಲದಲ್ಲಿ ಸುತ್ತಿದ ಕ್ವಿಲ್ಟನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಹತ್ತು ಡಾಲರ್ ಕೇಳಿದಳು, ಸಿಕ್ಕಿದ್ದು ಐದು. ಕೊಟ್ಟ ಮೇಲೂ ನೋಡಿಹೋಗಲು ಹಲವು ಸಲ ಬಂದಳಂತೆ.

ಚೌಕಾಸಿ ಮಾಡಿದ ಜೆನ್ನಿ ಸ್ಮಿತ್ ಮೇಲೆ ನನಗೆ ಕೋಪವಿದೆ. ಆದರೆ ಆಕೆ ಮಾಡಿದ ಇನ್ನೊಂದು ಕೆಲಸಕ್ಕೆ ಕೈಮುಗಿಯಬೇಕು. ಒಂದೊಂದು ಚೌಕದಲ್ಲಿ ಏನಿದೆ ಎಂದು ಪವರ್ಸ್ ವಿವರಿಸಿದ್ದನ್ನು ಬರೆದಿಟ್ಟುಕೊಂಡಳು. ಆ ಟಿಪ್ಪಣಿ ಇರುವುದರಿಂದಲೇ, ಸ್ಮಿತ್ಸೋನಿಯನ್ ಸಂಗ್ರಹದಲ್ಲಿರುವ ಆ ಕ್ವಿಲ್ಟಿನ ಎದುರು ಇಂದು ಹೊಲಿದವಳ ದನಿಯೂ ನಮಗೆ ಸಿಗುತ್ತದೆ. ಬಾಸ್ಟನ್ ಮ್ಯೂಸಿಯಮ್ಮಿನಲ್ಲಿರುವ ಆಕೆಯ ಎರಡನೆಯ ಕ್ವಿಲ್ಟಿನಲ್ಲಿ 1833ರ ನವೆಂಬರಿನ ಉಲ್ಕಾಮಳೆಯೂ ಇದೆ. ಅದು ಸುರಿದಾಗ ಆಕೆ ಇನ್ನೂ ಹುಟ್ಟಿರಲಿಲ್ಲ. ಹಿರಿಯರ ಬಾಯಿಂದ ಕೇಳಿ ಕೇಳಿ ಹೊಲಿದದ್ದು. ಈಗಿನ ವಿದ್ವಾಂಸರು ಆ ಆಕೃತಿಗಳು ಪಶ್ಚಿಮ ಆಫ್ರಿಕಾದ ಬಟ್ಟೆಗಳ ಹಾಗಿವೆ ಎನ್ನುತ್ತಾರೆ. ಇರಬಹುದು. ವಿದ್ವಾಂಸರಿಗೂ 'ಹಾಗಿದೆ' ಎನ್ನದೆ ಇರಲಾಗದು!

ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ, ಆಫ್ರಿಕಾ ಮೂಲದ ಸಿದ್ದಿ ಹೆಣ್ಣುಮಕ್ಕಳ ಕೌದಿಗಳೂ 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ವರೆಗೆ ಪ್ರದರ್ಶನಕ್ಕೆ ಹೋಗಿಬಂದವು. ಅವನ್ನು ಕಂಡವರಿಗೆ ಅಲಬಾಮಾದ ಜೀಸ್ ಬೆಂಡ್ ಹಳ್ಳಿಯ ಹೆಸರಾಂತ ಕ್ವಿಲ್ಟ್‌ಗಳು ನೆನಪಾಗುತ್ತವೆ. ಜೀಸ್ ಬೆಂಡಿನ ಕ್ವಿಲ್ಟ್ ಕಂಡವರಿಗೆ ಯಲ್ಲಾಪುರ ನೆನಪಾಗುವುದಿಲ್ಲ. ಆದರೆ ಸಿದ್ದಿ ಹೆಂಗಸರ ಲೆಕ್ಕವೇ ಬೇರೆ. ಅವರು ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಹಳೆ ಸೀರೆ, ಅಂಗಿ, ಲುಂಗಿಯ ತುಂಡುಗಳು ಕೈಗೆ ಬಂದಂತೆ ಸೇರುತ್ತವೆ. ಕಡೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಚಿ ಮಾಡಿದ ಪುಟ್ಟ ಮುಕ್ಕೋನದ ಹೂ, 'ಫೂಲ' ಎನ್ನುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಮಾತು. ವಿಟ್ನಿಯದು, ಪಡೂಕಾದ್ದು, ಜೀಸ್ ಬೆಂಡಿನದು, ಎಲ್ಲವನ್ನೂ ತಂದು ಅಲ್ಲಿನ ಅಜ್ಜಿಯೊಬ್ಬರ ಅಂಗಳದಲ್ಲಿ ಹಾಸಿದರೆ, ಅವರು ಮೊದಲು ಮೂಲೆಗಳನ್ನು ಎತ್ತಿ ನೋಡಿಯಾರು. ಹೊಲಿಗೆಯೇನೋ ಚೆನ್ನಾಗಿದೆ, ಇಷ್ಟೆಲ್ಲ ಮಾಡಿದವರು ಹೂ ಇಡುವುದನ್ನು ಯಾಕೆ ಮರೆತರು ಎಂದು ಕೇಳಿಯಾರು.