ಇಂದಿನ ಧಮ್ಮ ಚಿಂತನೆ: ರಾಹುಲನ ಕನ್ನಡಿ ಮತ್ತು ಮೊಮ್ಮಗಳ ಹುಟ್ಟುಹಬ್ಬ



ಇವತ್ತು ಮಜ್ಝಿಮ ನಿಕಾಯದ 61ನೇ ಸುತ್ತ, ಅಂಬಲಟ್ಠಿಕ ರಾಹುಲೋವಾದ ಸುತ್ತವನ್ನು ತೆಗೆದುಕೊಂಡಿದ್ದೇನೆ. ಬುದ್ಧರು ತಮ್ಮ ಮಗ ರಾಹುಲನಿಗೆ ಸುಳ್ಳಿನ ಬಗ್ಗೆ ಹೇಳಿಕೊಟ್ಟ ಪಾಠ ಇದು. ಸಾಮ್ರಾಟ ಅಶೋಕ ರಾಜಸ್ಥಾನದ ಬೈರಾಟದ ಶಾಸನದಲ್ಲಿ ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕಾದ ಪಾಠಗಳ ಹೆಸರು ಬರೆಸಿದ್ದಾನಲ್ಲ, ಅದರಲ್ಲಿ ರಾಹುಲನಿಗೆ ಹೇಳಿದ ಈ ಮಾತೂ ಸೇರಿದೆ. ನನಗೆ ಇದು ನೆನಪಾಗಿದ್ದು ಮಗಳು ಮಾಡಿದ ಒಂದು ಫೋನಿನಿಂದ.

ಮಗಳು, ಅಳಿಯ ಅಮೆರಿಕದ ಸಿಯಾಟಲ್ ಪಕ್ಕದ ಬೆಲ್ಲೆವ್ಯೂನಲ್ಲಿದ್ದಾರೆ. ಬಾಣಂತನಕ್ಕೆ ಹೋಗಿ ಆರು ತಿಂಗಳು ಇದ್ದು ಬಂದೆ. ಹೋಗುವಾಗ ರಾಗಿಹಿಟ್ಟಿನ ಜೊತೆ, ಬುದ್ಧರೂ ಬಾಬಾಸಾಹೇಬರೂ ಒಟ್ಟಿಗಿರುವ ಒಂದು ಫೋಟೋವನ್ನು ಸೀರೆಯಲ್ಲಿ ಸುತ್ತಿ ಒಯ್ದಿದ್ದೆ. ಅವರ ಹಾಲ್‌ನಲ್ಲಿ ಬಾಗಿಲಿಗೆ ಎದುರಾಗಿ ಹಾಕಿದ್ದಾರೆ. ಮೊಮ್ಮಗಳಿಗೆ ವರ್ಷ ತುಂಬುವ ವಾರ ಮಗಳು ಕೇಳಿದಳು: "ಅವ್ವ, ಶನಿವಾರ ಮೂವತ್ತು ಜನ ಬರ್ತಾರೆ. ಇವರ ಮ್ಯಾನೇಜರ್ ಮನೆಯೋರೂ ಬರ್ತಾರೆ, ಕರ್ನಾಟಕದೋರೇ. ಆ ಎರಡು ಗಂಟೆ ಫೋಟೋನ ಒಳಗಡೆ ರೂಮಲ್ಲಿ ಇಡೋಣ ಅಂತಾರೆ ಇವರು. ನಿಂಗೆ ಬೇಜಾರಾಗುತ್ತಾ?"

ಅಳಿಯನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅವರದು ಎಚ್-1ಬಿ ವೀಸಾ. ಕೆಲಸ ಹೋದರೆ ಇನ್ನೊಂದು ಕೆಲಸ ಹಿಡಿಯಲು 60 ದಿನ, ಇಲ್ಲವಾದರೆ ದೇಶ ಬಿಡಬೇಕು. ಅಲ್ಲಿ ಯಾರೂ ನಿಮ್ಮ ಜಾತಿ ಯಾವುದು ಎಂದು ನೇರವಾಗಿ ಕೇಳುವುದಿಲ್ಲ. ಯಾವ ಊರು ಎನ್ನುತ್ತಾರೆ. ಕಳ್ಳಂಬೆಳ್ಳ ಎಂದರೆ, ಓ ಹೈವೇ ಪಕ್ಕದ ದೊಡ್ಡ ಕೆರೆ ಅಲ್ವಾ, ಹೇಮಾವತಿ ನೀರು ಬಂತಾ ಎನ್ನುತ್ತಾರೆ. ಅಲ್ಲಿಯವರೆಗೆ ನಮಗೂ ಖುಷಿಯೇ. ಆಮೇಲೆ ಊರಲ್ಲಿ ಯಾವ ಕಡೆ, ಮನೆದೇವರು ಯಾವುದು, ನೀವು ನಾನ್‌ವೆಜ್ಜಾ ಎಂದು ಶುರುವಾಗುತ್ತದೆ. ಕೆರೆಯಿಂದ ಹೊರಟ ಮಾತು ಕೇರಿಗೆ ಬಂದೇ ನಿಲ್ಲುತ್ತದೆ. ಆರು ತಿಂಗಳಲ್ಲಿ ಇದನ್ನು ನಾನೇ ನಾಲ್ಕೈದು ಸಲ ಕೇಳಿಸಿಕೊಂಡಿದ್ದೇನೆ.

ಸಿಯಾಟಲ್ ನಗರಸಭೆ 2023ರ ಫೆಬ್ರವರಿ 21ರಂದು ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದ ನಗರಗಳಲ್ಲಿ ಅದೇ ಮೊದಲು. ಆದರೆ ಬೆಲ್ಲೆವ್ಯೂ ಬೇರೆ ನಗರ, ನಡುವೆ ದೊಡ್ಡ ಸರೋವರ ಇದೆ. ಆ ಕಾನೂನು ಸರೋವರ ದಾಟಿ ಬರುವುದಿಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಇಂಥದೇ ಮಸೂದೆಯನ್ನು ಒಪ್ಪಿತ್ತು, ಅಕ್ಟೋಬರ್‌ನಲ್ಲಿ ಗವರ್ನರ್ ಅದಕ್ಕೆ ಸಹಿ ಹಾಕದೆ ತಳ್ಳಿಹಾಕಿದರು.

ಬಂಧುಗಳೇ, ಮೊದಲ ಹುಟ್ಟುಹಬ್ಬ, ಹೊರದೇಶ ಎಂದಾಗ ನನಗೆ ಯಶವಂತರ ನೆನಪಾಗುತ್ತದೆ. ಬಾಬಾಸಾಹೇಬರ ಹಿರಿಯ ಮಗ ಯಶವಂತರು ಹುಟ್ಟಿದ್ದು 1912ರ ಡಿಸೆಂಬರ್ 12. ಎರಡು ತಿಂಗಳೊಳಗೆ, 1913ರ ಫೆಬ್ರವರಿ 2ರಂದು, ತಾತ ರಾಮ್‌ಜಿ ಸಕ್ಪಾಲರು ತೀರಿಕೊಂಡರು. ಅದೇ ವರ್ಷ ಜುಲೈ ಹೊತ್ತಿಗೆ ಬಾಬಾಸಾಹೇಬರು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ನ್ಯೂಯಾರ್ಕ್ ತಲುಪಿದ್ದರು. ಮಗುವಿಗೆ ವರ್ಷ ತುಂಬಿದಾಗ ತಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ತಾಯಿ ರಮಾಬಾಯಿಯವರು ಇಲ್ಲಿ. ತಿರುಗಿ ಬಂದಿದ್ದು 1917ರ ಆಗಸ್ಟ್‌ನಲ್ಲಿ. ಅಂದರೆ ಮಗನ ಮೊದಲ ನಾಲ್ಕು ಹುಟ್ಟುಹಬ್ಬಗಳಲ್ಲಿ ಒಂದಕ್ಕೂ ತಂದೆ ಮನೆಯಲ್ಲಿರಲಿಲ್ಲ. ನಮಗೆ ವಿಡಿಯೋ ಕಾಲ್ ಇದೆ, ಆದರೂ ಮಗು ದೂರ ಎಂದು ಗೋಳಾಡುತ್ತೇವೆ.

ಆ ನ್ಯೂಯಾರ್ಕ್‌ನಲ್ಲೇ, 1916ರ ಮೇ 9ರಂದು, ಬಾಬಾಸಾಹೇಬರು ಭಾರತದ ಜಾತಿಗಳ ಬಗ್ಗೆ ತಮ್ಮ ಪ್ರಬಂಧ ಓದಿದರು. ಹಿಂದೂಗಳು ಬೇರೆ ದೇಶಗಳಿಗೆ ವಲಸೆ ಹೋದರೆ ಜಾತಿಯೂ ಲೋಕದ ಸಮಸ್ಯೆ ಆಗುತ್ತದೆ ಎಂಬ ಕೇತ್ಕರ್ ಅವರ ಮಾತನ್ನು ಅದರಲ್ಲಿ ಎತ್ತಿ ತೋರಿಸಿದ್ದರು. ನೂರು ವರ್ಷ ಕಳೆದ ಮೇಲೆ ಸಿಯಾಟಲ್ ನಗರಸಭೆ ಅದಕ್ಕೊಂದು ಕಾನೂನು ಮಾಡಬೇಕಾಯಿತು.

ಹಾಗಾದರೆ ಫೋಟೋ ಒಳಗಿಡುವುದು ತಪ್ಪೇ? ನಮ್ಮಲ್ಲಿ ಕೆಲವರು ತಕ್ಷಣ "ಅದು ಹೇಡಿತನ" ಎಂದುಬಿಡುತ್ತಾರೆ. ನಾನು ಅಷ್ಟು ಬೇಗ ಹೇಳಲಾರೆ. 1917ರಲ್ಲಿ ಬರೋಡಾದ ಕೆಲಸಕ್ಕೆ ಹೋದಾಗ ಬಾಬಾಸಾಹೇಬರಿಗೆ ಊರಿನಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ಛತ್ರದಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಜನ ಬಂದು ಹೊರಗೆ ಹಾಕಿದರು. ವಿದೇಶದಲ್ಲಿ ಓದಿ ಬಂದವರಿಗೇ ಈ ಗತಿ. ಇದನ್ನೆಲ್ಲ ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬಿಚ್ಚಿ ಬರೆದಿದ್ದಾರೆ. ತಲೆ ಮೇಲೆ ಸೂರು ಬೇಕೆಂದು ಹೆಸರು ಮುಚ್ಚಿಟ್ಟವರನ್ನು ಜರಿಯುವ ಮೊದಲು ನಾವು ಆ ಪುಟಗಳನ್ನು ಓದಬೇಕು.

ಈಗ ಸುತ್ತಕ್ಕೆ ಬರೋಣ. ಬುದ್ಧರು ಬಂದಾಗ ರಾಹುಲ ಆಸನ ಹಾಕಿ, ಕಾಲು ತೊಳೆಯಲು ನೀರಿಡುತ್ತಾನೆ. ಬುದ್ಧರು ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ತೋರಿಸುತ್ತಾರೆ: ತಿಳಿದೂ ಸುಳ್ಳು ಹೇಳಲು ನಾಚದವನ ಸಾಧನೆ ಇಷ್ಟೇ ಇಷ್ಟು. ಆ ನೀರನ್ನೂ ಚೆಲ್ಲುತ್ತಾರೆ. ಪಾತ್ರೆ ಬೋರಲು ಹಾಕುತ್ತಾರೆ. ಆಮೇಲೆ ಕೇಳುತ್ತಾರೆ, ಕನ್ನಡಿ ಇರುವುದು ಯಾತಕ್ಕೆ? ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ಹುಡುಗ. ಹಾಗೆಯೇ ಒಂದು ಕೆಲಸ ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ ನೋಡಿಕೋ: ಇದರಿಂದ ನನಗೆ ನೋವಾಗುತ್ತದೆಯೇ, ಬೇರೆಯವರಿಗೆ ನೋವಾಗುತ್ತದೆಯೇ, ಇಬ್ಬರಿಗೂ ಆಗುತ್ತದೆಯೇ? ಮಗನಿಗೆ ಬುದ್ಧರು ಹೆದರಿಸಿ ಹೇಳಲಿಲ್ಲ, ನರಕ ತೋರಿಸಲಿಲ್ಲ. ನೋಡಿಕೊಳ್ಳುವ ಅಭ್ಯಾಸ ಕೊಟ್ಟರು. ನನಗೆ ಈ ಸುತ್ತದಲ್ಲಿ ಬಹಳ ಹಿಡಿಸುವುದು ಇದೇ.

ಮಗಳಿಗೆ ನಾನು ಸುತ್ತವನ್ನಷ್ಟೇ ಹೇಳಿದೆ. ಇಡು, ತೆಗಿ ಎಂದು ಹೇಳಲಿಲ್ಲ. ಕಳ್ಳಂಬೆಳ್ಳದಲ್ಲಿ ಪೆನ್ಷನ್ ತಗೊಂಡು ಕೂತವಳು ಧೈರ್ಯದ ಮಾತಾಡುವುದು ಸುಲಭ, ಬೆಲೆ ತೆರುವವರು ಅವರು. ಆದರೆ ನನ್ನ ಯೋಚನೆಯನ್ನು ಮುಚ್ಚಿಡಲಿಲ್ಲ. ಕೇಳದವರಿಗೆ ನಾವು ಯಾರು ಎಂದು ಹೇಳದೆ ಇರುವುದು ಸುಳ್ಳಲ್ಲ. ಗೋಡೆಯಲ್ಲಿ ಇದ್ದದ್ದನ್ನು ಇಲ್ಲ ಅನ್ನಿಸುವುದು ಬೇರೆ. ಅದಕ್ಕಿಂತ ನನಗೆ ಕಾಡಿದ್ದು ಮಗು. ದಿನಾ ಬೆಳಿಗ್ಗೆ ಅಮ್ಮನ ಸೊಂಟದ ಮೇಲಿಂದ ಆ ಫೋಟೋಗೆ ಬೆರಳು ತೋರಿಸಿ "ತಾತ" ಅನ್ನುತ್ತದೆ. ಒಂದು ವರ್ಷದ ಮಗು ಖಾಲಿ ಮೊಳೆ ನೋಡಿ ಸುಮ್ಮನಾಗಬಹುದು. ಆರು ವರ್ಷಕ್ಕೆ ಕೇಳುತ್ತದೆ, ನನ್ನ ಹುಟ್ಟುಹಬ್ಬಕ್ಕೆ ಯಾಕೆ ತಾತನನ್ನು ರೂಮಿಗೆ ಕಳಿಸ್ತೀರಿ ಎಂದು. ಆಗ ಕೊಡುವ ಉತ್ತರವನ್ನು ಈಗಲೇ ಕನ್ನಡಿಯಲ್ಲಿ ನೋಡಿಕೊಳ್ಳಿ ಎಂದೆ. ಮಗಳು ಅಳಿಯಂದಿರಿಗೆ ಫೋನ್ ಕೊಟ್ಟಳು. "ಯೋಚನೆ ಮಾಡ್ತೀನಿ ಅತ್ತೆ" ಅಂದರು, ಅಷ್ಟೇ.

ಇದರ ನಡುವೆ ಬೀಗಿತ್ತಿಯವರು, ವರ್ಷ ತುಂಬಿತು, ಮನೆದೇವರಿಗೆ ಮುಡಿ ಕೊಡಬೇಕು ಎಂದರು. ಅವರು ದೀಕ್ಷೆ ತಗೊಂಡವರಲ್ಲ, ಮೊಮ್ಮಗಳ ಮೇಲಿನ ಆಸೆಯಿಂದ ಹೇಳಿದ್ದು. ಸೆಕೆಗೆ ಕೂದಲು ತೆಗೆಸೋಣ, ಹರಕೆಯ ಸಾಲ ಅಂತ ಬೇಡ ಎಂದೆ. ಮುಖ ಗಂಟಿಕ್ಕಿಕೊಂಡರು, ಮತ್ತೆ ಮಾತು ಬೆಳೆಸಲಿಲ್ಲ. ಇನ್ನು ಕೇಕ್ ಮೇಲಿನ ಬತ್ತಿ ಊದಬಾರದು ಎಂಬ ಮೆಸೇಜು ವರ್ಷಕ್ಕೆ ಹತ್ತು ಸಲ ಬರುತ್ತದೆ. ಮಗು ಉಫ್ ಎಂದರೆ ಧಮ್ಮ ಆರಿಹೋಗುವುದಿಲ್ಲ, ಬಿಡಿ.

ಅಲ್ಲಿ ಶನಿವಾರ ಸಂಜೆ ಐದು ಗಂಟೆ ಎಂದರೆ ನಮಗೆ ಭಾನುವಾರ ಬೆಳಿಗ್ಗೆ ಐದೂವರೆ. ಫೋನಿನಲ್ಲಿ ನೋಡಿದೆ. ಫೋಟೋ ಇದ್ದಲ್ಲೇ ಇತ್ತು. ನೆಂಟರು ಬರುವ ಮೊದಲು ಮೂವರೇ ತ್ರಿಸರಣ, ಪಂಚಶೀಲ ಹೇಳಿಕೊಂಡರು. ಆಮೇಲೆ ಕೇಕು, ಪಾಯಸ, ಗಲಾಟೆ. ಮ್ಯಾನೇಜರ್ ಬಂದವರು ಬಾಗಿಲಲ್ಲೇ ಫೋಟೋ ನೋಡಿದರಂತೆ, ಏನೂ ಕೇಳಲಿಲ್ಲವಂತೆ. ಊಟ ಮಾಡಿಕೊಂಡು ಹೋದರು. ಸೋಮವಾರ ಆಫೀಸಿನಲ್ಲೂ ಏನೂ ಆಗಲಿಲ್ಲ. ಮುಂದೆಯೂ ಆಗುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಅಳಿಯಂದಿರಿಗೆ ಇನ್ನೂ ಅಳುಕಿದೆ, ಮಗಳಿಗೆ ಸ್ವಲ್ಪ ಕಡಿಮೆ.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ನಮ್ಮ ಕೂಟದಲ್ಲಿ ಈ ಸುತ್ತವನ್ನೂ 'ವೇಟಿಂಗ್ ಫಾರ್ ಎ ವೀಸಾ'ದ ಬರೋಡಾ ಭಾಗವನ್ನೂ ಓದುತ್ತೇವೆ. ಮಕ್ಕಳು ಹೊರದೇಶದಲ್ಲಿರುವವರು ಅವರನ್ನೂ ಫೋನಿನಲ್ಲಿ ಸೇರಿಸಿ. ಸಿಯಾಟಲ್ ಕಡೆಯವರಿಗೆ ಆಗ ಶನಿವಾರ ರಾತ್ರಿ ಒಂಬತ್ತೂವರೆ, ಮಗು ಮಲಗಿರುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆಗಾಗಿ ಅಡ್ಡಹೆಸರು ಬಿಟ್ಟವರೂ ನಮ್ಮಲ್ಲಿದ್ದಾರೆ. ಅವರೂ ಬರಲಿ, ಯಾರೂ ಯಾರನ್ನೂ ಬೈಯುವುದು ಬೇಡ.

ಜೈ ಭೀಮ್. ನಮೋ ಬುದ್ಧಾಯ.